ಅಪರೂಪದ ಪದಕ್ಕೆ ತೂಕ ಜಾಸ್ತಿ

ಎಲ್ಲರಿಗೂ ನಮಸ್ಕಾರ.

‘ಅಡಿಕೆ ಮತ್ತು ಅದರ ಕೊಳೆರೋಗ’ ಅಂತ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ‘ಮತ್ತು’, ‘ಅದರ’ ಯಾವ ಬರಹದಲ್ಲಿ ಇರಲ್ಲ ಹೇಳಿ? ‘ಕೊಳೆರೋಗ’ ಮಾತ್ರ ಕೆಲವೇ ಬರಹಗಳಲ್ಲಿ ಸಿಗುತ್ತದೆ. ಹಿಡಿದು ಹೋಗಬೇಕಾದ್ದು ಅದನ್ನೇ. ನಮಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಯಂತ್ರಕ್ಕೆ ಗೊತ್ತಾಗಬೇಕಾದರೆ ಲೆಕ್ಕ ಬೇಕು. ಆ ಲೆಕ್ಕ ಕೊಟ್ಟವರು ಇಂಗ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್.

1972ರಲ್ಲಿ ‘ಜರ್ನಲ್ ಆಫ್ ಡಾಕ್ಯುಮೆಂಟೇಶನ್’ನಲ್ಲಿ ಅವರ ಲೇಖನ ಬಂತು. ಬರೀ 11 ಪುಟ. ಅದರ ತಿರುಳು ಇಷ್ಟು: ಒಂದು ಪದ ಎಷ್ಟು ಬರಹಗಳಲ್ಲಿ ಇದೆ ಅಂತ ಎಣಿಸಿ. ಹೆಚ್ಚು ಕಡೆ ಇದ್ದರೆ ತೂಕ ಕಡಿಮೆ ಮಾಡಿ, ಕಡಿಮೆ ಕಡೆ ಇದ್ದರೆ ಹೆಚ್ಚಿಸಿ. ನಮ್ಮ ಹತ್ತಿರ 1000 ಬರಹಗಳಿವೆ ಅನ್ನೋಣ. ಸಾವಿರದಲ್ಲೂ ಇರುವ ಪದಕ್ಕೆ 1000 ಭಾಗಿಸು 1000, ಅಂದರೆ 1. ಅದರ ಲಾಗರಿದಮ್, ಅಂದರೆ ಆ ಸಂಖ್ಯೆ 10ರ ಎಷ್ಟನೇ ಘಾತ ಅನ್ನುವುದು, ಸೊನ್ನೆ. ಹತ್ತರಲ್ಲಿ ಮಾತ್ರ ಇರುವ ಪದಕ್ಕೆ 1000 ಭಾಗಿಸು 10, ಅಂದರೆ 100. ಲಾಗರಿದಮ್ 2. ಇವತ್ತು ನಾವು ಐಡಿಎಫ್ (ಇನ್ವರ್ಸ್ ಡಾಕ್ಯುಮೆಂಟ್ ಫ್ರೀಕ್ವೆನ್ಸಿ) ಅನ್ನುವುದು ಇದನ್ನೇ.

ಕರೆನ್ ಓದಿದ್ದು ಇತಿಹಾಸ, ಆಮೇಲೆ ತತ್ವಶಾಸ್ತ್ರ. ಸ್ವಲ್ಪ ದಿನ ಶಾಲೆಯಲ್ಲಿ ಪಾಠ ಹೇಳಿದರು. ಆಮೇಲೆ ಕೇಂಬ್ರಿಜ್‌ನಲ್ಲಿ ಮಾರ್ಗರೆಟ್ ಮಾಸ್ಟರ್‌ಮನ್ ನಡೆಸುತ್ತಿದ್ದ ಭಾಷಾ ಸಂಶೋಧನಾ ಘಟಕ ಸೇರಿದರು. ಸಮಾನಾರ್ಥಕ ಪದಗಳನ್ನು ಕಂಪ್ಯೂಟರ್ ಹೇಗೆ ಗುಂಪು ಮಾಡಬಹುದು ಎಂಬುದು ಅವರ ಪಿಎಚ್‌ಡಿ ವಿಷಯ. ಪ್ರಬಂಧ ಮುಗಿದದ್ದು 1964ರಲ್ಲಿ. ಪುಸ್ತಕವಾದದ್ದು 1986ರಲ್ಲಿ, 22 ವರ್ಷ ಆದಮೇಲೆ! ಬಹುಕಾಲ ಗುತ್ತಿಗೆ ಮೇಲೆಯೇ ಕೆಲಸ ಮಾಡಿದರು. ಪ್ರೊಫೆಸರ್ ಆದದ್ದು 1999ರಲ್ಲಿ, ನಿವೃತ್ತಿ 2002ರಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಸೈಟೇಶನ್, ಅಂದರೆ ಒಂದು ಲೇಖನವನ್ನು ಬೇರೆಯವರು ತಮ್ಮ ಲೇಖನದಲ್ಲಿ ಉಲ್ಲೇಖಿಸುವ ವಿಚಾರಕ್ಕೆ ಬರೋಣ. ಅಮೆರಿಕದ ಜೆರಾರ್ಡ್ ಸಾಲ್ಟನ್ ಗುಂಪು ಈ ತೂಕವನ್ನು ತೆಗೆದುಕೊಂಡಿತು. ಒಂದು ಬರಹದೊಳಗೆ ಪದ ಎಷ್ಟು ಸಲ ಬಂದಿದೆ ಅನ್ನುವ ಎಣಿಕೆಯ ಜೊತೆ ಅದನ್ನು ಸೇರಿಸಿತು. ಅದೇ ಟಿಎಫ್-ಐಡಿಎಫ್. 1976ರಲ್ಲಿ ಕರೆನ್ ಮತ್ತು ಸ್ಟೀಫನ್ ರಾಬರ್ಟ್‌ಸನ್ ಸೇರಿ ಬರೆದ ಲೇಖನದ ದಾರಿಯಲ್ಲೇ ಮುಂದೆ ಬಿಎಂ25 ಅನ್ನುವ ಹುಡುಕಾಟದ ಸೂತ್ರ ಬಂತು. ಇವತ್ತಿಗೂ ಹೊಸ ಸರ್ಚ್ ವಿಧಾನ ಬಂದರೆ ಮೊದಲು ಅದರ ಜೊತೆ ಹೋಲಿಸಿ ನೋಡುತ್ತಾರೆ. 1972ರ ಲೇಖನಕ್ಕೆ ಸಾವಿರಾರು ಸೈಟೇಶನ್ ಇವೆ, ನಿಜ. ಆದರೆ ಟಿಎಫ್-ಐಡಿಎಫ್ ಬಳಸಿ ಅವರ ಹೆಸರೇ ಹಾಕದವರು ಎಷ್ಟೋ ಜನ. ಸೊನ್ನೆ ಬರೆಯುವಾಗ ನಾವು ಬ್ರಹ್ಮಗುಪ್ತನ ಹೆಸರು ಹಾಕುವುದಿಲ್ಲವಲ್ಲ, ಹಾಗೆ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು: ವಿಚಾರ ಎಲ್ಲರ ಸೊತ್ತಾದಾಗ ಅದನ್ನು ಹುಟ್ಟಿಸಿದವರ ಹೆಸರು ಅಳಿಸಿಹೋಗುತ್ತದೆ.

ಎಚ್-ಇಂಡೆಕ್ಸ್ ಇದಕ್ಕೆ ಮದ್ದಲ್ಲ. ಸಂಶೋಧಕರನ್ನು ಸೈಟೇಶನ್ ಎಣಿಸಿ ಅಳೆಯಲು 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಕೊಟ್ಟ ಅಳತೆ ಅದು. 20 ಲೇಖನಗಳಿಗೆ ತಲಾ 20 ಸೈಟೇಶನ್ ಇದ್ದರೆ ನಿಮ್ಮ ಅಂಕ 20. ಬರೆದದ್ದೇ ಮೂರು ಲೇಖನ, ಒಂದೊಂದಕ್ಕೂ ಸಾವಿರ ಸೈಟೇಶನ್ ಅಂದರೂ ಅಂಕ ಮೂರೇ. ಒಂದು ಮಾತು ನನ್ನನ್ನು ತುಂಬಾ ಕಾಡುತ್ತದೆ. ಎಲ್ಲ ಕಡೆ ಬರುವ ಪದಕ್ಕೆ ತೂಕ ಕಡಿಮೆ ಅಂದವರು ಕರೆನ್. ಎಲ್ಲ ಕಡೆ ಬರುವ ಹೆಸರಿಗೆ ತೂಕ ಜಾಸ್ತಿ ಅನ್ನುತ್ತದೆ ಸೈಟೇಶನ್ ಲೆಕ್ಕ.

ಕನ್ನಡದವರಿಗೆ ಇದು ನೇರವಾಗಿ ತಟ್ಟುತ್ತದೆ. ಕೊಳೆರೋಗಕ್ಕೆ, ಕೊಳೆರೋಗದಿಂದ, ಕೊಳೆರೋಗವನ್ನು – ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. ಒಂದೊಂದೂ ಇರುವುದಕ್ಕಿಂತ ಅಪರೂಪ ಅನ್ನಿಸಿ ತೂಕ ಸುಳ್ಳಾಗುತ್ತದೆ. ಒಂದು ರೂಪ ಹುಡುಕಿದರೆ ಇನ್ನೊಂದು ಸಿಗಲ್ಲ. ಮೊದಲು ಪ್ರತ್ಯಯ ಬಿಡಿಸಬೇಕು. ಸಂಧಿ, ವಿಭಕ್ತಿ ಎಲ್ಲ ಗೊತ್ತಿದ್ದು, ತಾಳ್ಮೆಯಿಂದ ಕೂತು ಮಾಡುವ ಕೆಲಸ ಅದು. ಅದರ ಬಗ್ಗೆ ಬರೆದ ಲೇಖನವನ್ನು ಉಲ್ಲೇಖಿಸುವವರು ಕೆಲವೇ ಜನ, ಯಾಕಂದರೆ ಕನ್ನಡದ ಮೇಲೆ ಕೆಲಸ ಮಾಡುವವರೇ ಕೆಲವರು. ಬಡ್ತಿಯ ಅರ್ಜಿಯಲ್ಲಿ ಆ ಅಂಕ ಸಣ್ಣದಾಗಿ ಕಾಣುತ್ತದೆ. ಆ ಕೆಲಸ ಇಲ್ಲದೆ ಕನ್ನಡದ ಹುಡುಕಾಟ ಸರಿಯಾಗಿ ನಡೆಯಲ್ಲ.

ಕರೆನ್ ತೀರಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ ಅವರ ಬಗ್ಗೆ ಬರೆದದ್ದು 2019ರಲ್ಲಿ, ತೀರಿಕೊಂಡಾಗ ಪತ್ರಿಕೆ ಯಾರ ಬಗ್ಗೆ ಬರೆಯದೆ ಬಿಟ್ಟಿತ್ತೋ ಅವರಿಗಾಗಿ ಶುರು ಮಾಡಿದ ಅಂಕಣದಲ್ಲಿ. ಇಲ್ಲಿ ಕೂತ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಟಿಎಫ್-ಐಡಿಎಫ್ ಬಳಸಿದಾಗ ಆ 11 ಪುಟ ಓದಿ. ಉಲ್ಲೇಖದಲ್ಲಿ ಅವರ ಹೆಸರು, ಪಕ್ಕದಲ್ಲಿ 1972 ಅಂತ ಬರೆಯಿರಿ.