ಒಪ್ಪಿಗೆ ಪತ್ರಕ್ಕೆ ಸಹಿ ಬೇಡ

ಕೇಳುಗರಿಗೆ ನಮಸ್ಕಾರ. ಹಾವೇರಿ, ಗದಗ, ಹುಬ್ಬಳ್ಳಿ-ಧಾರವಾಡದ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ಗುಮಾಸ್ತರು, ಜವಾನರು, ಪಿಂಚಣಿ ಹತ್ತಿರ ಬಂದವರು ಸ್ವಲ್ಪ ಕಿವಿಗೊಡಿ. 'ನಿಮಗೆ ವೇತನ ಹೆಚ್ಚಾಗಿ ಸಂದಿದೆ, ಮರಳಿ ಕಟ್ಟಿ' ಎಂಬ ನೋಟಿಸು ಬಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಡಿ. ಮೊದಲು ತಿಂಗಳುವಾರು ಲೆಕ್ಕದ ತಖ್ತೆ ಕೇಳಿ.

ಶಿರಹಟ್ಟಿಯಲ್ಲಿ ಒಬ್ಬ ದ್ವಿತೀಯ ದರ್ಜೆ ಸಹಾಯಕರಿದ್ದಾರೆ ಎಂದುಕೊಳ್ಳಿ. ಜವಾನರಾಗಿ ಸೇರಿ ಎಂಟನೇ ವರ್ಷಕ್ಕೆ ಬಡ್ತಿ ಪಡೆದವರು. ಹತ್ತು ವರ್ಷದ ಕಾಲಮಿತಿ ಬಡ್ತಿ, ಅಂದರೆ ಹುದ್ದೆ ಬದಲಾಗದೆ ವೇತನ ಮಾತ್ರ ಏರುವ ಸೌಲಭ್ಯ, ಇರುವುದು ಬಡ್ತಿಯಿಲ್ಲದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ. ಕಚೇರಿ ಮಾತ್ರ ನೇಮಕದ ದಿನದಿಂದ ಎಣಿಸಿ, 2016ರ ಜನವರಿಯಿಂದ ಅದನ್ನೂ ಕೊಟ್ಟುಬಿಟ್ಟಿತು. ತಿಂಗಳಿಗೆ ಸರಾಸರಿ 650 ರೂಪಾಯಿ ಹೆಚ್ಚು. ಎಂಟು ವರ್ಷ ಯಾರಿಗೂ ಕಾಣಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿರುವಾಗ ಪಿಂಚಣಿ ಕಾಗದಕ್ಕೆಂದು ಸೇವಾ ಪುಸ್ತಕ ತೆರೆದರು, ತಪ್ಪು ಸಿಕ್ಕಿತು. 96 ತಿಂಗಳಿಗೆ ಮೂಲ ವೇತನದಲ್ಲೇ 62,400, ತುಟ್ಟಿಭತ್ಯೆ ಬೇರೆ. ಗಾಬರಿಯಾಗಿ ಅವರು 'ಕಂತಿನಲ್ಲಿ ಮುರಿದುಕೊಳ್ಳಿ' ಎಂದು ಬರೆದುಕೊಟ್ಟರೆ? ಅಲ್ಲೇ ಎಡವಟ್ಟು, ವಸೂಲಿಗೆ ತಾವೇ ಒಪ್ಪಿದಂತಾಯಿತು.

ಸುಪ್ರೀಂ ಕೋರ್ಟು 2014ರ ಡಿಸೆಂಬರ್ 18ರಂದು ರಫೀಕ್ ಮಸೀಹ್ ಪ್ರಕರಣದಲ್ಲಿ ವಸೂಲಿ ಸಲ್ಲದ ಸಂದರ್ಭಗಳನ್ನು ಹೇಳಿದೆ. ಗುಮಾಸ್ತರು, ಜವಾನರಂಥ ಸಿ ಮತ್ತು ಡಿ ದರ್ಜೆಯ ನೌಕರರು. ನಿವೃತ್ತರು ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರು. ವಸೂಲಿ ಆದೇಶಕ್ಕೆ ಮುಂಚೆ ಐದು ವರ್ಷಕ್ಕೂ ಮಿಕ್ಕಿ ಹಣ ಸಂದಿರುವುದು. ನಮ್ಮ ಶಿರಹಟ್ಟಿಯವರಿಗೆ ಮೂರೂ ಅನ್ವಯ! ಆ ಹಣ ನೌಕರನದೇ ಎಂದು ಕೋರ್ಟು ಹೇಳಿಲ್ಲ, ಈ ಹೊತ್ತಿನಲ್ಲಿ ಕಿತ್ತುಕೊಳ್ಳುವುದು ಅನ್ಯಾಯ ಎಂದಿದೆ. ಸುಳ್ಳು ದಾಖಲೆ ಕೊಟ್ಟು ಪಡೆದವರಿಗೆ ಈ ರಕ್ಷಣೆ ಇಲ್ಲ.

ಇನ್ನೊಂದು ಕಾಗದ ನೋಡಿ. ವೇತನ ಪರಿಷ್ಕರಣೆಯ ಹೊತ್ತಿಗೆ 'ಹೆಚ್ಚು ಬಂದರೆ ಮರಳಿಸುತ್ತೇನೆ' ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರೆ, ಸುಪ್ರೀಂ ಕೋರ್ಟಿನದೇ 2016ರ ಜಗದೇವ್ ಸಿಂಗ್ ತೀರ್ಪಿನಂತೆ ನಿವೃತ್ತರಿಂದಲೂ ವಸೂಲಿ ಮಾಡಬಹುದು. ಅದಕ್ಕೇ ಹೇಳುವುದು, ಓದದೆ ಸಹಿ ಬೇಡ.

ಮುಂದಿನ ಸಂಬಳ, ಪಿಂಚಣಿ ಸರಿಯಾದ ಮಟ್ಟಕ್ಕೆ ಇಳಿಯುತ್ತದೆ, ಅದಕ್ಕೆ ತಕರಾರು ಮಾಡಬೇಡಿ. ಹಳೆಯದರ ವಸೂಲಿ ಬೇರೆ ಮಾತು. ನೋಟಿಸಿನ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಮೇಲೂ ಆದೇಶವಾದರೆ ಸರ್ಕಾರಿ ನೌಕರರ ಸೇವಾ ತಕರಾರು ಕೇಳುವ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿಯ ಬೆಳಗಾವಿ ಪೀಠವಿದೆ, ಒಂದು ವರ್ಷದೊಳಗೆ ಹೋಗಬೇಕು.