ಟಾಟಾ ಇನ್‌ಸ್ಟಿಟ್ಯೂಟ್‌ನಿಂದ ಊರಿಗೆ ಬಂದದ್ದೇನು?

ಈ ಜನಜಂಗುಳಿ ನೋಡಿ. ಜಾತ್ರೆ ಅಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ. ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ವರ್ಷಕ್ಕೊಂದು ದಿನ ಯಾರು ಬೇಕಾದರೂ ಒಳಗೆ ಬಂದು ಲ್ಯಾಬ್ ನೋಡಬಹುದು. ಜಾಸ್ತಿ ಕ್ಯೂ ಇರುವುದು ಹೈವೋಲ್ಟೇಜ್ ಲ್ಯಾಬ್ ಮುಂದೆ. ಅಲ್ಲಿ ಕೃತಕ ಮಿಂಚು ಹೊಡೆಸಿ ತೋರಿಸುತ್ತಾರೆ. ಚಟೀರ್ ಅಂತ ಸದ್ದು ಬಂದದ್ದೇ ತಡ, ಮಕ್ಕಳು ಕಿವಿ ಮುಚ್ಚಿಕೊಂಡೇ ‘ಇನ್ನೊಂದ್ಸಲ’ ಅಂತ ಕೂಗುತ್ತಾರೆ.

ಮಿಂಚು ಚೆನ್ನಾಗೇ ಇದೆ. ಆದರೆ ನನ್ನ ತಲೆಯಲ್ಲಿ ಓಡುತ್ತಿರುವುದು ಬೇರೆ. ದೇಶದ ದುಡ್ಡಲ್ಲಿ ನಡೆಯುವ ಇಂಥ ಜಾಗದಿಂದ ಜನರ ಕೈಗೆ ಏನು ಸಿಕ್ಕಿತು?

ಈಗ ಕಾಣುತ್ತಿರುವುದು ಗೋಪುರದ ಮುಖ್ಯ ಕಟ್ಟಡ. ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಕನಸು ಕಂಡ ಜಮ್‌ಸೆಟ್‌ಜಿ ಟಾಟಾ 1904ರಲ್ಲೇ ತೀರಿಕೊಂಡಿದ್ದರು. 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಆ ಋಣ ಬೇಗನೇ ತೀರಿತು ಅನ್ನಿ. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಿತು. ಆಗ ಇಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆ ಭಟ್ಟಿ ಇಳಿಸಿ ತೋರಿಸಿದರು. ಆಮೇಲೆ ಎಣ್ಣೆ ಕಾರ್ಖಾನೆ ಬಂತು, ಬೆನ್ನಿಗೇ ಮೈಸೂರ್ ಸ್ಯಾಂಡಲ್ ಸೋಪು.

ನನಗೆ ಇದಕ್ಕಿಂತ ಇಷ್ಟವಾದ ಕಥೆ ತುಮಕೂರು ಜಿಲ್ಲೆಯದು. 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಇಲ್ಲಿ ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದೇ ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ಲೆಕ್ಕ ಹಾಕಿದರು. ಸೌದೆ ಎಷ್ಟು ಉರಿಯುತ್ತದೆ, ಯಾರು ಹೊತ್ತು ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ. ಉರಿಯುವುದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಸೌದೆಯೇ. ಹೊರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಅಸ್ತ್ರ ಒಲೆ ಬಂದದ್ದು ಇಲ್ಲಿಂದ. ಸಾಲಾಗಿ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಸೌದೆ ಕಡಿಮೆ ಸಾಕು.

ಅಲ್ಲೇ ಪುರ ಅನ್ನುವ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಲೆಕ್ಕ ಇದ್ದದ್ದು ಅಡುಗೆಗೆ ಗ್ಯಾಸ್ ಕೊಡುವುದು. ಸೆಗಣಿ ಸಾಲಲಿಲ್ಲ! ಇಷ್ಟಕ್ಕೇ ಕೈಬಿಟ್ಟು ಬೆಂಗಳೂರಿಗೆ ವಾಪಸ್ ಬಂದು ಒಂದು ಪೇಪರ್ ಬರೆದು ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಇರುವ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಕೊಟ್ಟರು. ಸಂಜೆ ಮನೆಗಳಿಗೆ ದೀಪ ಕೊಟ್ಟರು. ಸೆಗಣಿ ತಂದು ಹಾಕಿದವರಿಗೆ ತೂಕದ ಮೇಲೆ ದುಡ್ಡು, ಗೊಬ್ಬರಕ್ಕೆ ಬಗ್ಗಡವೂ ವಾಪಸ್. ಸ್ಥಾವರ ನೋಡಿಕೊಂಡದ್ದು ಊರಿನ ಹುಡುಗರೇ. ಸಂಶೋಧನೆ ಅಂದರೆ ಇದು ಅಲ್ವಾ? ತಂದ ಉತ್ತರ ಒಗ್ಗಲಿಲ್ಲ, ಊರಿನವರಿಗೆ ಬೇಕಾದದ್ದರಿಂದ ಮತ್ತೆ ಶುರು.

ಹೀಗೆ ಕೈಗೆ ಸಿಗುವಂಥದ್ದು ಕೊಟ್ಟಾಗ ಎಲ್ಲರಿಗೂ ಖುಷಿ. ಕೇಳಲು ಕಷ್ಟವಾಗುವ ಮಾತು ಹೇಳಿದಾಗ? ಪ್ರೊಫೆಸರ್ ಮಾಧವ ಗಾಡ್ಗೀಳ್ ಈ ಕ್ಯಾಂಪಸ್ಸಿನಲ್ಲೇ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದವರು. ನಿವೃತ್ತಿಯಾದ ಮೇಲೆ ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ ಸಮಿತಿಗೆ ಅಧ್ಯಕ್ಷರಾದರು. 2011ರಲ್ಲಿ ವರದಿ ಕೊಟ್ಟರು. ಘಟ್ಟವನ್ನು ಮೂರು ಸೂಕ್ಷ್ಮ ವಲಯ ಮಾಡಿ, ಎಲ್ಲಿ ಏನು ಬೇಡ ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದಿತ್ತು ಆ ವರದಿ. ಸರ್ಕಾರ ಅದನ್ನು ಒಳಗೇ ಇಟ್ಟುಕೊಂಡಿತು. ಮಾಹಿತಿ ಹಕ್ಕಿನ ಅರ್ಜಿ, ಕೋರ್ಟು ಎಲ್ಲ ಆಗಿ 2012ರಲ್ಲಿ ಹೊರಬಂತು. ಅದೇ ವರ್ಷ ಆ ವರದಿಯನ್ನು ಪರಿಶೀಲಿಸಲು ಇಸ್ರೋದ ಮಾಜಿ ಅಧ್ಯಕ್ಷ ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ.

ಮಲೆನಾಡಲ್ಲಿ ಎದ್ದ ವಿರೋಧ ಸುಳ್ಳಲ್ಲ. ತೋಟ ಹೋಗುತ್ತದೆ, ಮನೆ ಹೋಗುತ್ತದೆ ಅನ್ನುವ ಭಯ ಇತ್ತು. ಆದರೆ ಭಯಪಟ್ಟವರಲ್ಲಿ ಎಷ್ಟು ಜನರ ಕೈಗೆ ವರದಿ ಅವರದ್ದೇ ಭಾಷೆಯಲ್ಲಿ ಸಿಕ್ಕಿತ್ತು? ಮೊದಲು ಗ್ರಾಮಸಭೆಯಲ್ಲಿ ಓದಿ ಹೇಳಿದ್ದರೆ ಜಗಳ ಆಗುತ್ತಿರಲಿಲ್ಲ ಅಂತಲ್ಲ. ಜಗಳವಾದರೂ ವರದಿಯಲ್ಲಿ ಇದ್ದದ್ದರ ಮೇಲೆ ಆಗುತ್ತಿತ್ತು.

ಸರಿ, ಗಾಡ್ಗೀಳ್ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದವರು ಈವತ್ತು ಕಣಜದ ಗೂಡು ತೋರಿಸುತ್ತಾರಂತೆ. ಬನ್ನಿ, ಕ್ಯೂ ಉದ್ದ ಆಗುವ ಮುಂಚೆ ಹೋಗೋಣ.