ಒಂದೇ ಎಳೆತಕ್ಕೆ ರೋಬೋಟ್! ಆದರೆ ಆ ಸ್ಪ್ರಿಂಗ್ ಏನೇನು ನುಂಗಿತು?

(ಮೇಜಿನ ಮೇಲೆ ಹಳದಿ ಕಾರು. ಕ್ಯಾಮೆರಾ ಹತ್ತಿರಕ್ಕೆ ಬರುತ್ತದೆ. ಒಂದು ಕೈ ಕಾರನ್ನು ಹಿಡಿದು ಎಳೆಯುತ್ತದೆ.)

ಚಟಕ್! ಮುಗೀತು. ಕಾರು ಹೋಯಿತು, ರೋಬೋಟ್ ಬಂತು. ಕಣ್ಣು ಮಿಟುಕಿಸಿದವರಿಗೆ ಇನ್ನೊಂದು ಸಲ, ಸ್ಲೋ ಮೋಷನ್‌ನಲ್ಲಿ.

ಎಲ್ಲರಿಗೂ ನಮಸ್ಕಾರ. ಇವನು ಟ್ರಾನ್ಸ್‌ಫಾರ್ಮರ್ಸ್, ಅಂದರೆ ಕಾರಿನಿಂದ ರೋಬೋಟ್ ಆಗುವ ಆಟಿಕೆಗಳ ಪೈಕಿ ಬಂಬಲ್‌ಬೀ. ಹ್ಯಾಸ್ಬ್ರೊ ಕಂಪನಿಯ 'ಒನ್ ಸ್ಟೆಪ್ ಚೇಂಜರ್' ಅನ್ನುವ ಸಾಲಿನವನು. ಅಂಗಡಿಯಲ್ಲಿ ಒಮ್ಮೆ ಚಟಕ್ ಅಂದರೆ ಸಾಕು, ಮಗು ಕೈ ಬಿಡುವುದಿಲ್ಲ. ಅಪ್ಪ ಅಮ್ಮನಿಗೂ ನೆಮ್ಮದಿ, ಕಾಗದದ ಸೂಚನೆ ನೋಡಿಕೊಂಡು ಅರ್ಧ ಗಂಟೆ ಮಡಚುತ್ತಾ ಕೂರಬೇಕಿಲ್ಲ. ಸರಿ, ಈಗ ಇವನ ಬೆನ್ನು ನೋಡೋಣ.

(ರೋಬೋಟನ್ನು ತಿರುಗಿಸುತ್ತಾರೆ.)

ಪೂರ್ತಿ ಟೊಳ್ಳು! ಕಂಪನಿ ನಾಟಕದ ಅರಮನೆ ಪರದೆಯ ಹಿಂದೆ ಹೋಗಿ ನಿಂತ ಹಾಗೆ. ಮುಂದೆ ಮಾತ್ರ ವೈಭವ. ಮಂಡಿ ಮಡಚುವುದಿಲ್ಲ. ಕೈಗಳನ್ನು ಭುಜದ ಹತ್ತಿರ ಸ್ವಲ್ಪ ಆಡಿಸಬಹುದು, ಅಷ್ಟೇ.

ಕಂಪನಿಯವರು ಸುಮ್ನೆ ಕಂಜೂಸುತನ ಮಾಡಿದ್ದಾರೆ ಅಂತ ಅನಿಸಬಹುದು. ದುಡ್ಡಿನ ಲೆಕ್ಕವೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡ ಕಾರಣ ಜಾಗ.

(ಕಾಗದದ ಮೇಲೆ ಕಾರಿನ ಅಡ್ಡಸೀಳು ಚಿತ್ರ.)

ಅಂಗೈಯಗಲದ ಕಾರು ಅಂದುಕೊಳ್ಳಿ. ಕೈಯಲ್ಲಿ ಮಡಚುವ ಮಾಮೂಲಿ ಆಟಿಕೆಯಲ್ಲಿ ಬಾನೆಟ್ ಕೆಳಗೆ, ಸೀಟಿನ ಜಾಗದಲ್ಲಿ, ಡಿಕ್ಕಿಯೊಳಗೆ ರೋಬೋಟ್‌ನ ಕೈ, ಕಾಲು, ತಲೆ ಮುದುಡಿಕೊಂಡು ಕೂತಿರುತ್ತವೆ. ಅದೇ ಜಾಗಕ್ಕೆ ಈಗ ಸ್ಪ್ರಿಂಗ್ ಬರಬೇಕು. ಸ್ಪ್ರಿಂಗನ್ನು ಹಿಡಿದಿಡಲು ಗೂಟ ಬೇಕು. ಕಾರು ಕಾರಾಗಿಯೇ ಇರಲು ಒಂದು ಕೊಂಡಿ ಬೇಕು. ಜೊತೆಗೆ, ಚಿಮ್ಮುವ ಭಾಗದ ದಾರಿಯಲ್ಲಿ ಬೇರೇನೂ ಅಡ್ಡ ಬರಬಾರದು. ಹಾಗಾಗಿ ಕಾರಿನ ಹೊಟ್ಟೆಯಲ್ಲಿ ಒಂದಷ್ಟು ಜಾಗ ಖಾಲಿಯೇ ಇರಬೇಕು. ಬೆನ್ನಿನ ಟೊಳ್ಳು ಅದೇ.

ಕೀಲುಗಳ ಕಥೆಯೂ ಹೀಗೇ. ಮಂಡಿಗೆ ಸಡಿಲ ಕೀಲು ಕೊಟ್ಟರೆ ಸ್ಪ್ರಿಂಗ್ ಎಳೆದ ರಭಸಕ್ಕೆ ಕಾಲು ಎತ್ತಲೋ ತಿರುಗಿ, ರೋಬೋಟ್ ಮಗುಚಿ ಬೀಳುತ್ತದೆ. ಬಿಗಿ ಕೀಲು ಕೊಟ್ಟರೆ ಸ್ಪ್ರಿಂಗಿಗೆ ಅದನ್ನು ಬಿಚ್ಚುವ ಶಕ್ತಿ ಸಾಲದು. ಕೀಲೇ ಬೇಡ ಅಂದುಬಿಟ್ಟರೆ ತೊಂದರೆಯೇ ಇಲ್ಲ, ಅಲ್ವಾ? ಅದನ್ನೇ ಮಾಡಿದ್ದಾರೆ.

ಆದ್ದರಿಂದ ಇಂಥ ಆಟಿಕೆ ನೋಡಿದಾಗ ನಾನು ಮೊದಲು ಕೇಳುವುದು ಇಷ್ಟೇ: ಈ ಒಂದು ಕಮಾಲ್‌ಗಾಗಿ ಎಷ್ಟು ಕೀಲು ಬಲಿಯಾದವು?

(ಹಳೆಯ ಕಾರುಗಳ ಚಿತ್ರ.)

ಸ್ವಲ್ಪ ಹಿಂದಕ್ಕೆ ಹೋಗೋಣ. ಟ್ರಾನ್ಸ್‌ಫಾರ್ಮರ್ಸ್ ಅಮೆರಿಕದಲ್ಲಿ ಶುರುವಾಗಿದ್ದು 1984ರಲ್ಲಿ. ಅಚ್ಚುಗಳು ಮಾತ್ರ ಜಪಾನಿನ ಟಕಾರಾ ಕಂಪನಿಯವು. ಆ ಕಾರುಗಳಲ್ಲಿ ಬಹಳಷ್ಟು ಅಲ್ಲಿ 'ಡಯಾಕ್ಲೋನ್' ಅನ್ನುವ ಹೆಸರಿನಲ್ಲಿ ಮೊದಲೇ ಮಾರಾಟವಾಗುತ್ತಿದ್ದವು. ಅವುಗಳ ಜೊತೆ ಕಾಲಲ್ಲಿ ಅಯಸ್ಕಾಂತ ಇರುವ ಒಬ್ಬ ಪುಟಾಣಿ ಡ್ರೈವರ್ ಬರುತ್ತಿದ್ದ. ಬಾಗಿಲು ತೆಗೆದು ಅವನನ್ನು ಒಳಗೆ ಕೂರಿಸಬಹುದಿತ್ತು. ಹ್ಯಾಸ್ಬ್ರೊದವರು ಕಥೆ ಬದಲಾಯಿಸಿದರು. ರೋಬೋಟಿಗೇ ಜೀವ ಇದೆ, ಡ್ರೈವರ್ ಯಾಕೆ ಅಂದರು. ಡ್ರೈವರ್ ಹೋದ, ಸೀಟು ಉಳಿಯಿತು! ಹಳೆಯ ಕಾರುಗಳ ಬಾಗಿಲು ತೆಗೆದರೆ ಆ ಖಾಲಿ ಸೀಟು ಈಗಲೂ ಕಾಣುತ್ತದೆ.

ಆಗ ಮಡಚುವುದೇ ಮಜಾ. ಬೇರೆ ಆಟ ಬೇಕಿರಲಿಲ್ಲ.

1986ಕ್ಕೆ ಬನ್ನಿ. 'ಬ್ಯಾಟಲ್‌ಚಾರ್ಜರ್ಸ್' ಅಂತ ಎರಡು ಕಾರು ಬಂದವು. ಕಪ್ಪು ಲೋಟಸ್ ಎಸ್ಪ್ರಿ ಕಾರಿನ ಹೆಸರು ರನಬೌಟ್, ಬಿಳಿ ಪಾಂಟಿಯಾಕ್ ಕಾರಿನದು ರನಮಕ್. ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ಓಡುತ್ತವೆ, ಸ್ವಲ್ಪ ದೂರ ಹೋಗಿ ತಾವಾಗಿಯೇ ಎದ್ದು ರೋಬೋಟ್ ಆಗುತ್ತವೆ. ಕಾಗದದ ಮೇಲೆ ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಹೊಟ್ಟೆಯಲ್ಲಿ ಓಡಿಸುವ ಮೋಟರ್ ಇರುವುದರಿಂದ ರೋಬೋಟ್ ಒಂದು ದಿಮ್ಮಿಯ ಹಾಗೆ ನಿಲ್ಲುತ್ತದೆ. ಹಿಂದಕ್ಕೆಳೆದು ಬಿಡುವ ಯಾವ ಕಾರಿಗೂ ನುಣುಪು ನೆಲವೇ ಬೇಕು. ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಜೋರು, ಜಮಖಾನದ ಮೇಲೆ ಮುಷ್ಕರ.

ಆದರೂ ನನಗೆ ಬ್ಯಾಟಲ್‌ಚಾರ್ಜರ್ ಇಷ್ಟ. ಯಾಕೆ ಗೊತ್ತಾ? ಅದರ ಕಮಾಲ್ ಕಾರಿಗೆ ಸಂಬಂಧಪಟ್ಟದ್ದು. ಕಾರು ಓಡಬೇಕು, ಓಡುತ್ತಾ ಓಡುತ್ತಾ ರೋಬೋಟ್ ಆಗಬೇಕು. ಟಿವಿ ಕಾರ್ಟೂನಿನಲ್ಲಿ ನೋಡಿದ್ದು ಅದೇ ತಾನೆ?

ಇದಕ್ಕೆ ಉಲ್ಟಾ ಕೇಸು 2011ರದ್ದು. ಟ್ರಾನ್ಸ್‌ಫಾರ್ಮರ್ಸ್‌ನ ಮೂರನೇ ಸಿನಿಮಾದ ಜೊತೆ 'ಮೆಕ್‌ಟೆಕ್' ಅಂತ ಬಂತು. ರೋಬೋಟ್ ಕೈಗೆ ಒಂದು ದಪ್ಪ ಆಯುಧ. ಅದರ ಹಿಡಿಕೆ ಒತ್ತಿದರೆ ಆಯುಧ ಬಿಚ್ಚಿಕೊಂಡು ಬೇರೆ ಆಯುಧ ಆಗುತ್ತದೆ. ಬೆರಳು ತೆಗೆದರೆ? ಸ್ಪ್ರಿಂಗ್ ಎಳೆದುಕೊಂಡು ಮತ್ತೆ ಮೊದಲಿನ ಹಾಗೆ!

(ಬೆರಳು ಒತ್ತುತ್ತದೆ, ಬಿಡುತ್ತದೆ. ಒತ್ತುತ್ತದೆ, ಬಿಡುತ್ತದೆ.)

ನೋಡಿದಿರಾ? ಶೆಲ್ಫ್ ಮೇಲೆ ಬಿಚ್ಚಿಟ್ಟು ನಿಲ್ಲಿಸೋಣ ಅಂದರೆ ಬಹುತೇಕ ಆಯುಧಗಳಲ್ಲಿ ಆಗುವುದಿಲ್ಲ, ನೀವೇ ಬೆರಳು ಇಟ್ಟುಕೊಂಡು ನಿಲ್ಲಬೇಕು. ಜೊತೆಗೆ ಆ ಭಾರಕ್ಕೆ ರೋಬೋಟ್‌ನ ಭುಜ ಜೋತು ಬೀಳುತ್ತದೆ. ಇಷ್ಟಕ್ಕೂ ಈ ಆಯುಧಕ್ಕೂ ಕಾರಿಗೂ ಏನು ಸಂಬಂಧ? ಇದು ನನ್ನ ಪ್ರಕಾರ ಶುದ್ಧ ಗಿಮಿಕ್. ಡಬ್ಬಿ ಮೇಲೆ ಬರೆಯಲು ಒಂದು ಸಾಲು ಬೇಕಿತ್ತು, ಸಿಕ್ಕಿತು.

ವಿಚಿತ್ರ ಅಂದರೆ ಅದೇ ಕಂಪನಿ 2007ರಲ್ಲಿ ಚೆನ್ನಾಗಿ ಮಾಡಿತ್ತು. ಮೊದಲ ಸಿನಿಮಾದ ಆಟಿಕೆಗಳಲ್ಲಿ 'ಆಟೋಮಾರ್ಫ್' ಅಂತ ಇತ್ತು. ನೀವು ಒಂದು ಭಾಗ ತಿರುಗಿಸಿದರೆ ಒಳಗಿನ ಹಲ್ಲುಚಕ್ರವೋ ಸನ್ನೆಕೋಲೋ ಇನ್ನೊಂದು ಭಾಗವನ್ನು ತಾನಾಗಿ ಸರಿಸುತ್ತದೆ. ಮಡಚುವ ಕೆಲಸ ನಿಮ್ಮದೇ, ನಡುವೆ ಒಂದು ಅಚ್ಚರಿ ಆಟಿಕೆಯದು. ಕೀಲುಗಳಿಗೂ ಜಾಗ ಉಳಿಯುತ್ತಿತ್ತು.

ಇಲ್ಲಿ ಕೊರಿಯಾದ 'ಟರ್ನಿಂಗ್ ಮೆಕಾರ್ಡ್' ಆಟಿಕೆಯ ಬಗ್ಗೆ ಹೇಳದೆ ಇರಲಾರೆ. 2015ರ ಸುಮಾರಿಗೆ ಅಲ್ಲಿ ಹುಚ್ಚು ಹಿಡಿಸಿದ್ದು ಇದು, ಸ್ಟಾಕ್ ಸಿಗದೆ ಪೋಷಕರು ಅಂಗಡಿ ಅಂಗಡಿ ಅಲೆದರು. ಪುಟ್ಟ ಕಾರು ಅದರ ಆಟದ ಕಾರ್ಡಿನ ಮೇಲೆ ಹೋಗುತ್ತದೆ, ಅಯಸ್ಕಾಂತದಿಂದ ಕಾರ್ಡ್ ಅಂಟಿಕೊಳ್ಳುತ್ತದೆ, ಕೊಂಡಿ ಬಿಡುತ್ತದೆ, ಪಟ್ ಅಂತ ರೂಪ ಬದಲಾಗುತ್ತದೆ.

ಇದೂ ಸ್ಪ್ರಿಂಗೇ. ಹಾಗಿದ್ದರೆ ಯಾಕೆ ಗೆದ್ದಿತು? ನನಗೆ ಅನಿಸುವುದು, ಮಜಾ ಇರುವುದು ವಾಪಸ್ ದಾರಿಯಲ್ಲಿ. ಬಿಚ್ಚಲು ಅರೆಕ್ಷಣ. ಮತ್ತೆ ಕಾರು ಮಾಡಲು ಮಗುವೇ ಒಂದೊಂದು ಭಾಗ ಮಡಚಿ ಒಳಗೆ ತಳ್ಳಬೇಕು. ಮಡಚು, ಓಡಿಸು, ಪಟ್. ಮತ್ತೆ ಮಡಚು. ಕೈಗೂ ಕೆಲಸ, ಕಣ್ಣಿಗೂ ಖುಷಿ. ಮೇಲಾಗಿ ಕಾರ್ಡಿನ ಕಡೆ ಗುರಿ ಇಟ್ಟು ಬಿಡಬೇಕು, ಅದೂ ಒಂದು ಆಟ.

ಒನ್ ಸ್ಟೆಪ್ ಬಂಬಲ್‌ಬೀಯನ್ನೂ ಹಾಗೇ ಅಳೆಯಿರಿ. ನಾಲ್ಕೈದು ವರ್ಷದ ಮಗುವಿಗೆ ಅದನ್ನು ಮಡಚಿ ಕೊಂಡಿ ಕೂರಿಸುವುದೇ ಒಂದು ಸಾಹಸ. ಆ ವಯಸ್ಸಿಗೆ ಒಳ್ಳೆಯ ಆಟಿಕೆ. ಟೊಳ್ಳು ಬೆನ್ನು ಅವರಿಗೆ ಲೆಕ್ಕಕ್ಕಿಲ್ಲ. ಹತ್ತು ವರ್ಷದವರಿಗೆ ತಂದರೆ ಮನೆಗೆ ಬರುವಷ್ಟರಲ್ಲೇ ಬೋರ್.

(ಲೈಟು ಮಿನುಗಿಸುತ್ತಾ ಹಾಡುತ್ತಾ ಸುತ್ತುವ ಕಾರು.)

ಇದು ನಿಮಗೆಲ್ಲ ಗೊತ್ತು. ಜಾತ್ರೆ, ಎಕ್ಸಿಬಿಷನ್, ಬಸ್ ಸ್ಟ್ಯಾಂಡ್ ಅಂಗಡಿ, ಎಲ್ಲ ಕಡೆ ಇದೆ. ಬ್ಯಾಟರಿ ಹಾಕಿದರೆ ಓಡುತ್ತದೆ, ನಿಲ್ಲುತ್ತದೆ, ಬಾಗಿಲು ಬಿಚ್ಚಿ ಎದ್ದು ಕೂರುತ್ತದೆ, ಕಿವಿ ತೂತು ಬೀಳುವ ಹಾಗೆ ಹಾಡುತ್ತದೆ, ಮತ್ತೆ ಕಾರಾಗುತ್ತದೆ. ಬಿಚ್ಚುವುದೂ ಮೋಟರ್, ಮಡಚುವುದೂ ಮೋಟರ್. ಮಗು ಸುಮ್ನೆ ನೋಡುತ್ತಾ ಕೂರುತ್ತದೆ. ಮಧ್ಯದಲ್ಲಿ ಕೈ ಹಾಕಿ ಎಳೆದರೆ ಹಲ್ಲುಚಕ್ರ ಕರಕರ ಅನ್ನುತ್ತದೆ. ಮಗು ಎಳೆಯದೆ ಇರುತ್ತದೆಯೇ?

ಅಂಗಡಿಗೆ ಹೋದಾಗ ಡಬ್ಬಿ ತೆಗೆಸಿ ಕೈಗೆ ತಗೊಳ್ಳಿ. ಅಂಗಡಿಯವರ ಕೈಯಲ್ಲಿ ಮಾಡಿಸಿ ನೋಡುವುದು ಬೇಡ, ಅವರಿಗೆ ಅಭ್ಯಾಸ ಆಗಿರುತ್ತದೆ. ನೀವೇ ಬಿಚ್ಚಿ, ನೀವೇ ಮಡಚಿ. ಕಾರಾದ ಮೇಲೆ ಮೇಲಿನಿಂದ ಮೆಲ್ಲಗೆ ಅದುಮಿ. ಅಷ್ಟಕ್ಕೇ ಚಿಮ್ಮಿದರೆ ಕೊಂಡಿ ದುರ್ಬಲ, ಸ್ವಲ್ಪ ಸವೆದ ಮೇಲೆ ಅದು ಕಾರಾಗಿ ನಿಲ್ಲುವುದೇ ಇಲ್ಲ. ನಾಲ್ಕೂ ಚಕ್ರ ನೆಲ ಮುಟ್ಟುತ್ತವೆಯೇ ನೋಡಿ. ಕೀಲಿನ ಸುತ್ತ ಬಿಳಿ ಗೆರೆ ಕಂಡರೆ ಪ್ಲಾಸ್ಟಿಕ್ ಆಗಲೇ ಸೋತಿದೆ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೇ ಕೀಲು ಮಾಡಿದ್ದರೆ ಇನ್ನೂ ಹುಷಾರು, ಅದು ಬೇಗ ಸೀಳುತ್ತದೆ.

ಕ್ಷಿಪಣಿ ಹಾರಿಸುವ ಆಟಿಕೆಯಾದರೆ ಜಾಸ್ತಿ ಯೋಚಿಸಿ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿಯ ಆಟಿಕೆ ಬಾಹ್ಯಾಕಾಶ ನೌಕೆಯ ಪುಟ್ಟ ಕ್ಷಿಪಣಿ ಗಂಟಲಿಗೆ ಹೋಗಿ ಒಂದು ಮಗು ತೀರಿಕೊಂಡಿತು. ಆಮೇಲೆ ಇಡೀ ಉದ್ಯಮವೇ ಎಚ್ಚೆತ್ತಿತು. ಹ್ಯಾಸ್ಬ್ರೊ ಜಪಾನಿನ ಅಚ್ಚುಗಳನ್ನು ತಂದಾಗ ಕ್ಷಿಪಣಿ ಹಾರಿಸುವ ಸ್ಪ್ರಿಂಗುಗಳ ಜೋರು ತಗ್ಗಿಸಿದ್ದೂ ಸುರಕ್ಷತೆಯ ಲೆಕ್ಕದಿಂದಲೇ.

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬಿ ಮೇಲೆ ಹುಡುಕಿ. ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಬಟನ್ ಸೆಲ್ ಹಾಕುವ ಆಟಿಕೆಯ ಮುಚ್ಚಳ ಉಗುರಿನಲ್ಲಿ ಬಿಚ್ಚಿ ಬಂದರೆ ಅಲ್ಲೇ ಇಟ್ಟು ಬನ್ನಿ. ಆ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ಅದಕ್ಕೆ ಗಂಟೆಗಟ್ಟಲೆ ಸಮಯವೂ ಬೇಕಿಲ್ಲ.

ಹಾಗಾದರೆ ಮೇಜಿನ ಮೇಲಿರುವುದರಲ್ಲಿ ನಾನು ಯಾವುದನ್ನು ಕೊಳ್ಳುತ್ತೇನೆ? ಐದು ವರ್ಷದವರಿಗೆ ಒನ್ ಸ್ಟೆಪ್. ಎಂಟು ದಾಟಿದವರಿಗೆ ಕೈಯಲ್ಲೇ ಮಡಚುವಂಥದ್ದು, ಆಟೋಮಾರ್ಫ್ ಥರ ಒಂದು ಅಚ್ಚರಿ ಇದ್ದರೆ ಇನ್ನೂ ಒಳ್ಳೆಯದು. ಮೆಕ್‌ಟೆಕ್ ಯಾರಾದರೂ ಸೆಕೆಂಡ್ ಹ್ಯಾಂಡ್ ಕೊಟ್ಟರೆ ತಗೊಂಡು, ಆಯುಧಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ. ಬಿಚ್ಚಿದ್ದು ಬಿಚ್ಚಿದ ಹಾಗೇ ನಿಲ್ಲುತ್ತದೆ.